ಇಳಿದ ಮೆಟ್ಟಿಲನ್ನು ಹತ್ತಲೂಬೇಕು

ಹುಡುಗ: ನನ್ನ ಪಾರ್ಟಿಯ ಆರೂ ಜನ ಹೋಗಿಬಿಟ್ಟರು ಚಿಕ್ಕಮ್ಮ. ವಿಜರ್ಡ್ರಿ ಆಟದ ಎರಡನೇ ಲೆವೆಲ್‌ನಲ್ಲಿ. ಕೆಂಗೇರಿಯಿಂದ ಇಲ್ಲಿಗೆ ಬರೋವರೆಗೂ ಮೆಟ್ರೊದಲ್ಲಿ ಅದನ್ನೇ ಯೋಚಿಸ್ತಾ ಬಂದೆ.

ಚಿಕ್ಕಮ್ಮ: ಹೇಗೆ ಹೋದರು ಅಂತ ಮೊದಲು ಹೇಳು. ಎದುರಿಗೆ ಬಂದವರು ಯಾರು?

ಹುಡುಗ: ಬಾಗಿಲು ಒದ್ದು ಒಳಗೆ ಕಾಲಿಟ್ಟೆ. ಎರಡು ಗುಂಪು ನಿಂತಿತ್ತು. ಮುಂದೆ ಹರಕು ಬಟ್ಟೆಯ ಗಂಡಸರು, ಹಿಂದೆ ನಿಲುವಂಗಿ ತೊಟ್ಟವರು. ನಿಜವಾಗಿ ಯಾರು ಏನು ಅಂತ ಆಟ ತಕ್ಷಣ ಹೇಳೋದಿಲ್ಲವಲ್ಲ, ಕಣ್ಣಿಗೆ ಕಂಡಷ್ಟನ್ನೇ ಬರೆದು ತೋರಿಸುತ್ತೆ. ನಾನು ಮುಂದಿನವರ ಮೇಲೆ ಬಿದ್ದೆ. ಅಷ್ಟರಲ್ಲಿ ನಿಲುವಂಗಿಯವನೊಬ್ಬ ಕಟೀನೋ ಮಂತ್ರ ಹಾಕಿದ. ನನ್ನ ಕಡೆಯ ಓಬವ್ವ, ರಾಯಣ್ಣ, ಮಲ್ಲಮ್ಮ ಮೂವರೂ ನಿದ್ದೆಗೆ ಬಿದ್ದರು. ಆಮೇಲೆ ಆಗಿದ್ದನ್ನ ಸುಮ್ಮನೆ ನೋಡಬೇಕಾಯಿತು, ಅಷ್ಟೆ.

ಚಿಕ್ಕಮ್ಮ: ನಿಮ್ಮ ಕಡೆಯ ಮಂತ್ರಗಾರ ಬೇತಾಳನಿಗೂ ಕಟೀನೋ ಗೊತ್ತಿತ್ತಲ್ಲ?

ಹುಡುಗ: ಗೊತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅವನ ಮಂತ್ರ ಎಲ್ಲಾ ಮುಗಿದಿತ್ತು. ಅಜ್ಜಿ ಅಂತ ನಾನು ಹೆಸರಿಟ್ಟ ಪ್ರೀಸ್ಟ್ ಹತ್ತಿರ ಮಾತ್ರ ಗಾಯ ವಾಸಿಮಾಡೋ ದಿಯೋಸ್ ಒಂದು ಉಳಿದಿತ್ತು.

ಚಿಕ್ಕಮ್ಮ: ಹಾಗಾದರೆ ಅವರು ಸತ್ತಿದ್ದು ಆ ಬಾಗಿಲ ಹಿಂದೆ ಅಲ್ಲ ಕಣೋ. ಮಂತ್ರ ಖಾಲಿ ಇಟ್ಟುಕೊಂಡು ಎರಡನೇ ಲೆವೆಲ್‌ಗೆ ಇಳಿಯೋ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಮುಗಿದಿತ್ತು.

ಹುಡುಗ: ಬೇರೆ ಆಟಗಳಲ್ಲಿ ಸತ್ತರೆ ಹಿಂದಿನ ಸೇವ್‌ನಿಂದ ಮತ್ತೆ ಶುರು ಮಾಡ್ತೀವಿ. ಇದರಲ್ಲಿ ಅದಕ್ಕೂ ದಾರಿ ಇಲ್ಲ. ಇಷ್ಟು ಕಠಿಣವಾದ ಆಟವನ್ನ ಯಾರು ಮಾಡಿದರು, ಯಾಕೆ ಮಾಡಿದರು?

ಚಿಕ್ಕಮ್ಮ: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು. ಆಂಡ್ರ್ಯೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್. 1981ರಲ್ಲಿ ಸರ್‌ಟೆಕ್ ಅನ್ನೋ ಕಂಪನಿ ಅದನ್ನ ಆಪಲ್ ಟೂ ಕಂಪ್ಯೂಟರಿಗೆ ಹೊರತಂದಿತು. ಪೂರ್ತಿ ಹೆಸರು 'ವಿಜರ್ಡ್ರಿ: ಪ್ರೂವಿಂಗ್ ಗ್ರೌಂಡ್ಸ್ ಆಫ್ ದ ಮ್ಯಾಡ್ ಓವರ್‌ಲಾರ್ಡ್'. ಅದಕ್ಕೆ ಮುಂಚೆ, 1974ರಲ್ಲಿ, 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂದಿತ್ತು. ಮೇಜಿನ ಸುತ್ತ ಗೆಳೆಯರು ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡೋದು. ಪ್ಲೇಟೋ ಅಂತ ವಿಶ್ವವಿದ್ಯಾಲಯಗಳನ್ನ ಜೋಡಿಸಿದ್ದ ದೊಡ್ಡ ಕಂಪ್ಯೂಟರ್ ಜಾಲದಲ್ಲೂ ಅಂಥ ಗುಹೆಯ ಆಟಗಳನ್ನ ವಿದ್ಯಾರ್ಥಿಗಳು ಬರೆದಿದ್ದರು. ಇವರಿಬ್ಬರೂ ಮಾಡಿದ್ದು, ಆ ಮೇಜಿನ ಸುತ್ತಲಿನ ಆರು ಜನರನ್ನ ಮನೆಯಲ್ಲಿಡೋ ಸಣ್ಣ ಕಂಪ್ಯೂಟರಿನೊಳಗೆ ತಂದು ಕೂರಿಸಿದ್ದು. ಒಬ್ಬರೇ ಕೂತು ಆರೂ ಜನರ ಪರವಾಗಿ ಯೋಚಿಸಬೇಕು. ಕೆಳಗೆ ಹತ್ತನೇ ಲೆವೆಲ್‌ನಲ್ಲಿ ತಾಯಿತ ಕದ್ದು ಕೂತಿರೋ ಮಾಂತ್ರಿಕ ವೆರ್ಡ್ನಾ, ಅದನ್ನ ವಾಪಸ್ ತರಿಸೋಕೆ ನಮ್ಮನ್ನ ಕಳಿಸೋ ದೊರೆ ಟ್ರೆಬೋರ್. ಇಬ್ಬರ ಹೆಸರನ್ನೂ ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಓದು, ಬರೆದವರೇ ಸಿಗ್ತಾರೆ.

ಹುಡುಗ: ನೀನು ಇದನ್ನ ಎಲ್ಲಿ ಆಡಿದ್ದು? ಆಗ ಮನೇಲಿ ಕಂಪ್ಯೂಟರ್ ಇರಲಿಲ್ಲ ಅಂತ ಅಮ್ಮ ಹೇಳ್ತಾಳೆ.

ಚಿಕ್ಕಮ್ಮ: ಆಫೀಸಿನಲ್ಲಿ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಕಾರ್ಖಾನೆ, ಅದರ ಅಕೌಂಟ್ಸ್ ವಿಭಾಗ. 1990ರ ದಶಕದ ಶುರು. ಲೆಕ್ಕ ಬರೆಯೋಕೆ ತಂದಿದ್ದ ಒಂದೇ ಒಂದು ಕಂಪ್ಯೂಟರ್, ಹಸಿರು ಅಕ್ಷರದ ಪರದೆ. ಯಾರೋ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಈ ಆಟ ತಂದರು. ಕೆಲಸ ಮುಗಿದ ಮೇಲೆ ಮೂವರು ಕೂತು ಆಡ್ತಿದ್ದೆವು. ಒಬ್ಬರು ಕೀಬೋರ್ಡ್, ಒಬ್ಬರು ಪರದೆ ಮೇಲೆ ಬಂದಿದ್ದನ್ನ ಗಟ್ಟಿಯಾಗಿ ಓದೋದು, ನಾನು ನಕ್ಷೆ. ಪರದೆಯಲ್ಲಿ ಗೆರೆಗಳು ಬಿಟ್ಟರೆ ಏನೂ ಇಲ್ಲ. ಗೋಡೆ ಅಂದರೆ ಗೆರೆ, ಬಾಗಿಲು ಅಂದರೆ ಗೆರೆಯೊಳಗೆ ಇನ್ನೊಂದು ಗೆರೆ. ಆದರೂ ಮೂವರೂ ಉಸಿರು ಬಿಗಿಹಿಡಿದು ಕೂತಿರ್ತಿದ್ದೆವು.

ಹುಡುಗ: ಕರೆಂಟು ಹೋದರೆ?

ಚಿಕ್ಕಮ್ಮ: ಹೋಗ್ತಿತ್ತು. ಆಗಿನ ಬೆಂಗಳೂರಿನಲ್ಲಿ ಸಂಜೆ ಹೊತ್ತು ಲೋಡ್ ಶೆಡ್ಡಿಂಗ್ ಅಂದರೆ ಹೇಳಬೇಕಾ! ಗುಹೆಯ ಮಧ್ಯದಲ್ಲಿದ್ದಾಗ ಕರೆಂಟು ಹೋಯಿತು ಅಂದರೆ, ಮತ್ತೆ ಆನ್ ಮಾಡಿದಾಗ ಆರೂ ಹೆಸರಿನ ಮುಂದೆ 'ಔಟ್' ಅಂತ ಬಂದಿರೋದು. ಅಂದರೆ ಇವರು ಕೋಟೆಯಲ್ಲಿಲ್ಲ, ಕೆಳಗೆಲ್ಲೋ ಇದ್ದಾರೆ. ಅವರನ್ನ ಅಲ್ಲಿಂದಲೇ ಮತ್ತೆ ನಡೆಸೋಕೆ ಮೆನುವಿನಲ್ಲಿ ಒಂದು ಬೇರೆ ಆಯ್ಕೆ ಇತ್ತು. ಆಟ ಯಾರನ್ನೂ ತಾನಾಗಿ ಮನೆಗೆ ತಂದು ಬಿಡ್ತಿರಲಿಲ್ಲ. ಸತ್ತರೂ ಅಷ್ಟೇ. ಸತ್ತಿದ್ದು ತಕ್ಷಣ ಫ್ಲಾಪಿಯಲ್ಲಿ ದಾಖಲಾಗ್ತಿತ್ತು, ಹೆಣ ಸತ್ತ ಜಾಗದಲ್ಲೇ ಇರ್ತಿತ್ತು.

ಹುಡುಗ: ದೇವಸ್ಥಾನದಲ್ಲಿ ದುಡ್ಡು ಕೊಟ್ಟರೆ ಬದುಕಿಸ್ತಾರಂತೆ.

ಚಿಕ್ಕಮ್ಮ: ಬದುಕಿಸೋಕೆ ಪ್ರಯತ್ನ ಮಾಡ್ತಾರೆ ಅನ್ನು. ಕ್ಯಾಂಟ್ ದೇವಸ್ಥಾನ ಅಂತ ಅದರ ಹೆಸರು. ಸತ್ತವನ ಲೆವೆಲ್ ಹೆಚ್ಚಿದಷ್ಟೂ ದಕ್ಷಿಣೆ ಹೆಚ್ಚು. ಕೆಲವು ಸಲ ಕೈಗೂಡೋದಿಲ್ಲ, ಹೆಣ ಬೂದಿಯಾಗುತ್ತೆ. ಬೂದಿಯಿಂದ ಎಬ್ಬಿಸೋಕೆ ಇನ್ನಷ್ಟು ದುಡ್ಡು. ಅದೂ ಕೈಕೊಟ್ಟರೆ ಆ ಹೆಸರೇ ಶಾಶ್ವತವಾಗಿ ಹೋಯಿತು. ನಮ್ಮ ಪಾರ್ಟಿಯ ಕಳ್ಳ ಒಬ್ಬ ಹಾಗೆ ಹೋದ. ನಾವು ಮೂವರೂ ಏನೂ ಮಾತಾಡದೆ ಕಂಪ್ಯೂಟರ್ ಆಫ್ ಮಾಡಿ ಬಸ್ ಸ್ಟಾಪಿಗೆ ನಡೆದೆವು. ಅವತ್ತು ಆದ ಸಂಕಟ ನಿಜವಾದ ಸಂಕಟ. ಆಟದ ಗೊಂಬೆಗೆ ಯಾರಾದರೂ ಅಳ್ತಾರಾ ಅಂತ ಕೇಳೋರು ಕೇಳಲಿ. ನಾವು ಅವನನ್ನ ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದೆವು.

ಹುಡುಗ: ಆದರೂ ನ್ಯಾಯ ಅನ್ನಿಸೋದಿಲ್ಲ ಚಿಕ್ಕಮ್ಮ. ದಾಳ ಕೆಟ್ಟದಾಗಿ ಬಿತ್ತು, ಅಷ್ಟಕ್ಕೇ ಎಲ್ಲಾ ಹೋಯಿತು. ನನ್ನ ಕೈಯಲ್ಲಿ ಏನಿತ್ತು?

ಚಿಕ್ಕಮ್ಮ: ದಾಳ ನಿನ್ನ ಕೈಯಲ್ಲಿಲ್ಲ. ಹಿಂದಿರುಗೋದು ನಿನ್ನ ಕೈಯಲ್ಲಿದೆ. ಈ ಆಟದಲ್ಲಿ ನಿಜವಾಗಿ ಆಡಬೇಕಾದ ಆಟ ಅದೊಂದೇ ಅಂತ ನಾನು ಹೇಳೋದು. ಹೊಡೆದಾಟದಲ್ಲಿ ನೀನು ಮಾಡೋದೇನು? ಆರು ಜನರಿಗೂ ಒಂದೊಂದು ಆಜ್ಞೆ ಕೊಡ್ತೀಯ, ಆಮೇಲೆ ದಾಳ ನೋಡಿಕೊಳ್ಳುತ್ತೆ. ಆದರೆ ಇನ್ನೊಂದು ಬಾಗಿಲು ತೆಗೀಲಾ, ಇಲ್ಲಿಂದಲೇ ತಿರುಗಲಾ ಅನ್ನೋದನ್ನ ದಾಳ ಹೇಳೋದಿಲ್ಲ. ಹೊಸದಾಗಿ ಸೇರಿದ ಮಂತ್ರಗಾರನಿಗೆ ಎರಡೇ ಮಂತ್ರ ಹಾಕೋ ಶಕ್ತಿ. ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಮೊದಲನೇ ಮಂತ್ರ ಖರ್ಚಾಯಿತು ಅಂದರೆ ಮುಂದೆ ಹೋಗೋದು ಬಂದ್. ಎರಡನೆಯದು ಮೆಟ್ಟಿಲಿನವರೆಗೆ ವಾಪಸ್ ನಡೆಯೋಕೆ ಮೀಸಲು.

ಹುಡುಗ: ಹಾಗೆ ಆಡಿದರೆ ಒಂದು ಕೋಣೆ ನೋಡಿ ಮೇಲಕ್ಕೆ ಬರಬೇಕು.

ಚಿಕ್ಕಮ್ಮ: ಬಾ! ಮೇಲೆ ಬಂದು ಛತ್ರದಲ್ಲಿ ಮಲಗು. ಕುದುರೆ ಲಾಯದಲ್ಲಿ ಮಲಗಿದರೆ ಕಾಸು ಕೊಡಬೇಕಿಲ್ಲ. ಗಾಯ ಮಾಯೋದಿಲ್ಲ, ಆದರೆ ಮಂತ್ರ ಪೂರ್ತಿ ವಾಪಸ್ ಬರುತ್ತೆ. ಆ ಮಂತ್ರದಿಂದ ಅಜ್ಜಿ ಕೈಲಿ ಎಲ್ಲರ ಗಾಯ ವಾಸಿ ಮಾಡಿಸು, ಮತ್ತೆ ಲಾಯದಲ್ಲಿ ಮಲಗಿಸು. ದುಡ್ಡು ಕೊಟ್ಟು ಒಳ್ಳೆ ಕೋಣೆ ಹಿಡಿದರೆ ಗಾಯ ತಾನಾಗಿ ವಾಸಿಯಾಗುತ್ತೆ, ಜೊತೆಗೆ ವಾರಗಟ್ಟಲೆ ಕಳೆದು ಅವರಿಗೆ ವಯಸ್ಸೂ ಆಗುತ್ತೆ. ಲೆವೆಲ್ ಏರೋದು ಕೂಡ ಛತ್ರದಲ್ಲಿ ಎದ್ದ ಮೇಲೆಯೇ. ಎಷ್ಟು ರಾಕ್ಷಸರನ್ನ ಕೊಂದಿದ್ದರೂ ಜೀವಂತವಾಗಿ ಮನೆ ಮುಟ್ಟದೆ ಇದ್ದರೆ ಆ ಅನುಭವಕ್ಕೆ ಬೆಲೆ ಇಲ್ಲ. ಇದನ್ನ ಬರೆದವರು ತಿಳಿದೇ ಹೀಗೆ ಇಟ್ಟಿದ್ದಾರೆ ಅಂತ ನನ್ನ ನಂಬಿಕೆ.

ಹುಡುಗ: ಅಭಿಮನ್ಯುವಿನ ಕಥೆ ಹಾಗಾದರೆ. ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ. ಹಳೇಬೀಡಿನ ಗೋಡೆ ಮೇಲೆ ಚಕ್ರವ್ಯೂಹ ಕೆತ್ತಿದ್ದಾರಲ್ಲ, ಸುರುಳಿ ಸುರುಳಿಯಾಗಿ, ಅದನ್ನ ನೋಡಿದಾಗ ನನಗೂ ನೆನಪಾಗಿದ್ದು ಇಂಥ ಆಟಗಳೇ.

ಚಿಕ್ಕಮ್ಮ: ಅರ್ಧ ಕಥೆ ಹೇಳಿದೆ. ಅಭಿಮನ್ಯು ಒಳಗೆ ಹೋಗೋವಾಗ ಭೀಮ, ಧರ್ಮರಾಯ, ನಕುಲ, ಸಹದೇವ ಬೆನ್ನಿಗೇ ಬರಬೇಕಿತ್ತು. ಬಾಗಿಲಲ್ಲಿ ಜಯದ್ರಥ ಅವರನ್ನ ತಡೆದ. ಹುಡುಗ ಸತ್ತಿದ್ದು ದಾರಿ ಗೊತ್ತಿಲ್ಲದ್ದರಿಂದ ಮಾತ್ರ ಅಲ್ಲ, ಒಂಟಿಯಾಗಿದ್ದರಿಂದ. ವಿಜರ್ಡ್ರಿಯಲ್ಲಿ ಆರು ಜನ ಯಾಕೆ ಅಂತ ಯೋಚಿಸು. ಮೂವರು ಮುಂದೆ, ಮೂವರು ಹಿಂದೆ. ಕತ್ತಿ ಏಟು ಮುಂದಿನ ಮೂವರಿಗೆ. ಹಿಂದಿನ ಸಾಲಿನವರಿಗೆ ಕತ್ತಿ ಬೀಸೋಕೂ ಆಗೋದಿಲ್ಲ, ಅವರು ಮಂತ್ರ ಹಾಕಬೇಕು ಇಲ್ಲ ಮೈ ಕಾಯ್ದುಕೊಳ್ಳಬೇಕು. ಬೇತಾಳ ಶುರುವಿನಲ್ಲಿ ಒಂದೇ ಏಟಿಗೆ ಬೀಳೋ ಆಸಾಮಿ. ಅವನು ಬದುಕಿರೋದು ಓಬವ್ವ ಮುಂದೆ ನಿಂತಿರೋದರಿಂದ. ಓಬವ್ವ ನಾಲ್ಕು ಜನರ ಗುಂಪನ್ನ ಎದುರಿಸಿ ಬದುಕೋದು ಅವನು ಅವರನ್ನ ನಿದ್ದೆಗೆ ಕೆಡವೋದರಿಂದ. ಒಬ್ಬರ ಕೊರತೆ ಇನ್ನೊಬ್ಬರು ತುಂಬಬೇಕು. ನಿನ್ನ ತೆನಾಲಿ ಕಳ್ಳ ಅಲ್ಲವಾ? ಅವನಿಗೆ ಏನು ಕೆಲಸ ಕೊಟ್ಟಿದ್ದೆ?

ಹುಡುಗ: ಪೆಟ್ಟಿಗೆ ತೆಗೆಯೋದು. ಅದೊಂದು ಬಿಟ್ಟರೆ ಅವನಿಂದ ಏನೂ ಆಗ್ತಿರಲಿಲ್ಲ.

ಚಿಕ್ಕಮ್ಮ: ಅದೊಂದು ಸಾಕು. ಪೆಟ್ಟಿಗೆ ಸಿಕ್ಕಾಗ ಏನಾಗುತ್ತೆ ಅಂತ ನಿಧಾನವಾಗಿ ನೋಡು. ಹೊಡೆದಾಟ ಮುಗಿದಿದೆ, ಎಲ್ಲರಿಗೂ ಗಾಯ. ಪೆಟ್ಟಿಗೆ ಬಿಡೋಕೆ ಮನಸ್ಸಿಲ್ಲ. ಕಳ್ಳ ಬಗ್ಗಿ ಪರೀಕ್ಷಿಸ್ತಾನೆ. ವಿಷದ ಸೂಜಿ ಅಂತಾನೆ. ಅವನು ಹೇಳಿದ್ದು ಸರಿ ಇರಬಹುದು, ತಪ್ಪಿರಬಹುದು. ಅಜ್ಜಿ ಸ್ವಲ್ಪ ದೊಡ್ಡವಳಾದ ಮೇಲೆ ಕಾಲ್ಫೋ ಅನ್ನೋ ಮಂತ್ರ ಕಲೀತಾಳೆ, ಅವಳ ಮಾತು ಹೆಚ್ಚು ನಂಬಬಹುದು. ಆದರೆ ಅದಕ್ಕೆ ಒಂದು ಮಂತ್ರ ಖರ್ಚು. ಉಳಿಸಿದೆ ಅಂತಿಟ್ಟುಕೊ. ಕಳ್ಳನ ಮಾತು ನಂಬಿ ಬೀಗಕ್ಕೆ ಕೈಹಾಕಿಸಿದೆ, ಕೈ ಜಾರಿತು, ಸೂಜಿ ಚುಚ್ಚಿತು. ಈಗ ಅವನು ನಡೆದಂತೆಲ್ಲ ಎಚ್‌ಪಿ, ಅಂದರೆ ಉಳಿದ ಜೀವಶಕ್ತಿ, ಇಳೀತಾ ಹೋಗುತ್ತೆ. ವಿಷ ಇಳಿಸೋ ಲಾಟುಮೋಫಿಸ್ ಅಜ್ಜಿಗೆ ಇನ್ನೂ ಬರೋದಿಲ್ಲ. ನಕ್ಷೆ ತೆಗೆದು ಮೆಟ್ಟಿಲಿಗೆ ಎಷ್ಟು ಹೆಜ್ಜೆ ಅಂತ ಎಣಿಸ್ತೀಯ. ಅವನ ಎಚ್‌ಪಿ ನೋಡ್ತೀಯ. ದಿಯೋಸ್ ಒಂದು ಸಲ ಹಾಕಿದರೆ ಒಂದರಿಂದ ಎಂಟರವರೆಗೆ ಎಷ್ಟಾದರೂ ಬರಬಹುದು. ಸುತ್ತು ದಾರಿಯಲ್ಲಿ ಗೊತ್ತಿರೋ ಕೋಣೆಗಳು, ಹತ್ತಿರದ ದಾರಿಯಲ್ಲಿ ಇನ್ನೂ ತೆಗೆಯದ ಬಾಗಿಲು. ಯಾವ ಕಡೆ ಹೋಗ್ತೀಯ? ರಾಕ್ಷಸರು ಯಾರೂ ಎದುರಿಗಿಲ್ಲದೆ, ಒಂದು ಕಾಗದ, ನಾಲ್ಕು ಅಂಕಿ ಇಟ್ಟುಕೊಂಡು ಎದೆ ಹೊಡೆದುಕೊಳ್ಳೋ ಹಾಗೆ ಮಾಡೋ ಇನ್ನೊಂದು ಆಟ ನಾನು ನೋಡಿಲ್ಲ.

ಹುಡುಗ: ನಕ್ಷೆ ವಿಷಯ. ನಾನು ಆಡ್ತಿರೋ ಹೊಸ ರೂಪದಲ್ಲಿ ನಕ್ಷೆ ತಾನಾಗೇ ಬರೆದುಕೊಳ್ಳುತ್ತೆ. ನೀನು ಕಾಗದದ ಮೇಲೇ ಬರಿ ಅಂತ ಹಟ ಮಾಡಿದೆ. ಯಾಕೆ?

ಚಿಕ್ಕಮ್ಮ: ನಾವು ಚಿಕ್ಕವರಿದ್ದಾಗ ರಾಜಾಜಿನಗರದಲ್ಲಿ ಮನೆ ಹುಡುಕೋದು ಅಂದರೆ ಒಂದು ವಿದ್ಯೆ. ಬ್ಲಾಕು ಬೇರೆ, ಮೇನು ಬೇರೆ, ಕ್ರಾಸು ಬೇರೆ. ಒಂದೇ ನಂಬರಿನ ಮೇನ್‌ಗೆ ಎ, ಬಿ, ಸಿ ಅಂತ ಬಾಲಗಳು. ನವರಂಗ್ ಥಿಯೇಟರಿನಿಂದ ಶುರುಮಾಡಿ ತಿರುವು ಎಣಿಸ್ತಾ ಹೋಗಿ, ತಪ್ಪಿ, ಮತ್ತೆ ಬಂದು, ಹಾಗೆ ಕಲಿತ ಬೀದಿಗಳು ಇವತ್ತಿಗೂ ಕಾಲಿಗೆ ಗೊತ್ತು. ಫೋನಿನಲ್ಲಿ ನೀಲಿ ಗೆರೆ ಹಿಡಿದು ಹೋದ ಜಾಗಕ್ಕೆ ಇನ್ನೊಂದು ಸಲ ಹೋಗಬೇಕಾದರೆ ನಾನು ಮತ್ತೆ ಫೋನೇ ತೆಗೀತೀನಿ. ಗುಹೆಯೂ ಹಾಗೇ. ಲೆವೆಲ್‌ಗೆ ಇಪ್ಪತ್ತು ಚೌಕ ಉದ್ದ, ಇಪ್ಪತ್ತು ಅಗಲ. ಹತ್ತು ಲೆವೆಲ್ ಸೇರಿ 4,000 ಚೌಕ. ಒಂದೊಂದನ್ನೂ ಪೆನ್ಸಿಲ್ಲಿನಿಂದ ಬರೆದವನಿಗೆ ಆ ಜಾಗ ತನ್ನದಾಗುತ್ತೆ.

ಹುಡುಗ: ನಾನು ಬರೆದ ನಕ್ಷೆ ಒಂದು ಕಡೆ ತಾಳೆಯಾಗಲೇ ಇಲ್ಲ. ಬಾಗಿಲು ಇರಬೇಕಾದ ಕಡೆ ಗೋಡೆ.

ಚಿಕ್ಕಮ್ಮ: ಸ್ಪಿನ್ನರ್ ಮೇಲೆ ಕಾಲಿಟ್ಟಿರ್ತೀಯ. ನಿಂತ ಜಾಗದಲ್ಲೇ ನಿನ್ನನ್ನ ಬೇರೆ ದಿಕ್ಕಿಗೆ ತಿರುಗಿಸಿಬಿಡೋ ಚೌಕ ಅದು. ಪರದೆ ಮೇಲೆ ಒಂದಕ್ಷರ ಬರೋದಿಲ್ಲ. ನೀನು ಉತ್ತರ ಅಂದುಕೊಂಡು ಪೂರ್ವಕ್ಕೆ ನಡೀತಿರ್ತೀಯ. ಇನ್ನು ಕೆಲವು ಕಡೆ ನಕ್ಷೆಯ ಒಂದು ಅಂಚು ದಾಟಿದರೆ ಎದುರಿನ ಅಂಚಿನಲ್ಲಿ ಬಂದು ನಿಲ್ತೀಯ. ಅನುಮಾನ ಬಂದಾಗ ಡುಮಾಪಿಕ್ ಮಂತ್ರ ಹಾಕು. ಮೇಲಿನ ಮೆಟ್ಟಿಲಿನಿಂದ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಅಂತ ಲೆಕ್ಕ ಹೇಳುತ್ತೆ, ಯಾವ ದಿಕ್ಕಿಗೆ ಮುಖ ಮಾಡಿದ್ದೀಯ ಅಂತಲೂ ಹೇಳುತ್ತೆ. ಮುಂದೆ, ಬೇತಾಳ ದೊಡ್ಡ ಮಾಂತ್ರಿಕನಾದಾಗ, ಮಲೋರ್ ಅನ್ನೋ ಮಂತ್ರ ಬರುತ್ತೆ. ಬೇಕಾದ ಚೌಕಕ್ಕೆ ಒಂದೇ ಸಲ ಹಾರೋದು. ಅಂಕಿ ತಪ್ಪಿ ಕಲ್ಲಿನೊಳಗೆ ಇಳಿದರೆ ಆರೂ ಜನ ಹೋದರು, ಹೆಣ ಕೂಡ ಸಿಗೋದಿಲ್ಲ. ಆವತ್ತು ನಿನ್ನನ್ನ ಕಾಯೋದು ಇವತ್ತು ನೀನು ಬರೆದ ಕಾಗದ.

ಹುಡುಗ: ಹತ್ತೂ ಲೆವೆಲ್ ಬರೀಬೇಕಾ?

ಚಿಕ್ಕಮ್ಮ: ಬೇಕಿಲ್ಲ. ನಾಲ್ಕನೇ ಲೆವೆಲ್‌ನಲ್ಲಿ ಒಂದು ನೀಲಿ ರಿಬ್ಬನ್ ಗೆಲ್ಲಬೇಕು. ಅದಿದ್ದರೆ ಅಲ್ಲಿಂದ ಒಂದು ಲಿಫ್ಟು ನೇರ ಒಂಬತ್ತಕ್ಕೆ ಇಳಿಸುತ್ತೆ. ಮಧ್ಯದ ಐದರಿಂದ ಎಂಟು ಬಿಟ್ಟರೂ ಆಟ ಮುಗಿಯುತ್ತೆ. ಆ ನಾಲ್ಕು ಲೆವೆಲ್‌ನಲ್ಲಿ ಅಂಥ ವಿಶೇಷ ಏನೂ ಇಲ್ಲ.

ಹುಡುಗ: ಹೊಸ ರೂಪದ ಬಗ್ಗೆ ನಿನಗೆ ಸಮಾಧಾನ ಇಲ್ಲ ಅಂತ ಕಾಣುತ್ತೆ.

ಚಿಕ್ಕಮ್ಮ: ಯಾರು ಹೇಳಿದರು? ಡಿಜಿಟಲ್ ಎಕ್ಲಿಪ್ಸ್‌ನವರು 2024ರಲ್ಲಿ ತಂದಿದ್ದನ್ನ ನಾನು ಗೌರವದಿಂದ ನೋಡ್ತೀನಿ. ಮೇಲೆ ಬಣ್ಣದ ಚಿತ್ರ, ಕೆಳಗೆ ಓಡ್ತಿರೋದು 1981ರ ಅದೇ ಪ್ರೋಗ್ರಾಂ. ಬೇಕಾದರೆ ಆಪಲ್ ಟೂ ಪರದೆಯನ್ನ ಮೂಲೆಯಲ್ಲೇ ನೋಡಬಹುದು. ಅದಕ್ಕೆ ವಿನಿಫ್ರೆಡ್ ಫಿಲಿಪ್ಸ್ ಕೊಟ್ಟ ಸಂಗೀತಕ್ಕೆ 2025ರಲ್ಲಿ ಗ್ರ್ಯಾಮಿ ಬಂತು. ಗ್ರೀನ್‌ಬರ್ಗ್ ಆ ಹೊಸ ರೂಪ ಬಂದ ವರ್ಷವೇ, 2024ರ ಆಗಸ್ಟ್‌ನಲ್ಲಿ, ತೀರಿಕೊಂಡರು. ನಲವತ್ತಕ್ಕೂ ಹೆಚ್ಚು ವರ್ಷದ ಹಳೆಯ ಆಟದ ನಿಯಮಗಳನ್ನ ಹಾಗೇ ಇಟ್ಟುಕೊಂಡು ನಿನ್ನ ವಯಸ್ಸಿನವರ ಕೈಗೆ ಕೊಟ್ಟಿದ್ದಾರೆ. ನನಗೆ ಅದಕ್ಕಿಂತ ಸಂತೋಷ ಏನಿದೆ?

ಹುಡುಗ: ಒಂದೇ ಬೇಜಾರು. ಓಬವ್ವನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಒಳಗೆ ಬರೋ ಮಾತೆಲ್ಲ ಇಂಗ್ಲಿಷೇ.

ಚಿಕ್ಕಮ್ಮ: ಅದು ನನಗೂ ಉಂಟು. ಇದೇ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನೋ ಕಂಪನಿ 1997ರಲ್ಲೇ ಶುರುವಾಗಿ ಹೊರದೇಶದ ದೊಡ್ಡ ಆಟಗಳಿಗೆ ಕೆಲಸ ಮಾಡಿಕೊಟ್ಟಿತು. ಆನಿಮೇಶನ್, ಗೇಮಿಂಗ್‌ಗೆ ಅಂತಲೇ ನಮ್ಮ ಸರ್ಕಾರ 2012ರಲ್ಲಿ ನೀತಿ ತಂದಿತು, 2024ರಲ್ಲಿ ಹೊಸದನ್ನೂ ತಂದಿತು. ಕೈ ಇದೆ, ಕಸುಬು ಇದೆ. ಕನ್ನಡದಲ್ಲಿ ಆರು ಜನರನ್ನ ಇಳಿಸೋ ಗುಹೆಯೊಂದನ್ನ ಮಾಡೋಕೆ ಬೇಕಾಗಿರೋದು ದೊಡ್ಡ ಬಂಡವಾಳ ಅಲ್ಲ. ವಿಜರ್ಡ್ರಿ ಮಾಡಿದವರು ಓದ್ತಿದ್ದ ಇಬ್ಬರು ಹುಡುಗರು, ಗೋಡೆಗೆ ಗೆರೆ ಎಳೆದಿದ್ದರು ಅಷ್ಟೆ. ನೀನೂ ನಿನ್ನ ಕಾಲೇಜಿನ ಗೆಳೆಯರೂ ಇಪ್ಪತ್ತು ಚೌಕದ ಒಂದು ಲೆವೆಲ್ ಕಾಗದದ ಮೇಲೆ ಬರೆದು ತನ್ನಿ. ನಾನು ಮೊದಲು ಆಡ್ತೀನಿ.

ಹುಡುಗ: ಅದಕ್ಕೆ ಮುಂಚೆ ಇವರ ಗತಿ? ಹೊಸ ಆಟ ಶುರು ಮಾಡಿಬಿಡಲಾ?

ಚಿಕ್ಕಮ್ಮ: ಬೇಡ. ಅವರು ಎಲ್ಲಿ ಬಿದ್ದರು ಅಂತ ನಕ್ಷೆಯಲ್ಲಿ ಗುರುತು ಇದೆಯಾ?

ಹುಡುಗ: ಇದೆ. ಆ ಬಾಗಿಲಿನವರೆಗೂ ಬರೆದಿದ್ದೀನಿ.

ಚಿಕ್ಕಮ್ಮ: ಸರಿ ಹಾಗಾದರೆ. ತರಬೇತಿ ಮೈದಾನದಲ್ಲಿ ಹೊಸಬರನ್ನ ಸೇರಿಸು. ಅವರನ್ನ ಮೊದಲನೇ ಲೆವೆಲ್‌ನಲ್ಲೇ ನಿಧಾನವಾಗಿ ಬೆಳೆಸು, ಮರ್ಫಿಯ ದೆವ್ವ ಇರೋ ಕೋಣೆ ಅದಕ್ಕೆ ಒಳ್ಳೇದು. ಗಟ್ಟಿಯಾದ ಮೇಲೆ ಹಳಬರನ್ನ ಹೊತ್ತು ತರೋಕೆ ಇಳಿ. ಪಾರ್ಟಿಯಲ್ಲಿ ಇರೋದು ಆರೇ ಜಾಗ, ಹೆಣಕ್ಕೂ ಒಂದು ಜಾಗ ಬೇಕು. ಅದಕ್ಕೇ ಮೂರೇ ಜನ ಹೋಗು. ಮೂರೇ ಜನ ಅಂದರೆ ಮೂವರೂ ಮುಂದಿನ ಸಾಲು, ಆದ್ದರಿಂದ ಮಂತ್ರಗಾರನನ್ನ ಮೇಲೆ ಬಿಟ್ಟು ಇಬ್ಬರು ಕತ್ತಿಯವರನ್ನೂ ಒಬ್ಬ ಪ್ರೀಸ್ಟನ್ನೂ ಕರೆದುಕೋ. ಬೇರೆ ಯಾವ ಬಾಗಿಲೂ ತೆಗೀಬೇಡ, ದಾರಿಯಲ್ಲಿ ಪೆಟ್ಟಿಗೆ ಸಿಕ್ಕರೂ ಮುಟ್ಟಬೇಡ. ಮೊದಲ ಸುತ್ತಿಗೆ ಓಬವ್ವ, ಅಜ್ಜಿ, ಬೇತಾಳ. ಎರಡನೇ ಸುತ್ತಿಗೆ ರಾಯಣ್ಣ, ಮಲ್ಲಮ್ಮ, ತೆನಾಲಿ. ದಕ್ಷಿಣೆಗೆ ಆರು ಜನರ ದುಡ್ಡು ಮೊದಲೇ ಕೂಡಿಟ್ಟುಕೋ.